ತನ್ನ ಮಾತನ್ನು ತಾನೇ ಆಡುವ ಹಕ್ಕು

(ಕಡಗಂಚಿಯಲ್ಲಿ ನಡೆದ ಸಂಘದ ವಾರ್ಷಿಕ ಶೈಕ್ಷಣಿಕ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾನೂನಿನ ಬಗ್ಗೆ ಏನಾದರೂ ಮಾತನಾಡಿ ಎಂದು ಕಾರ್ಯದರ್ಶಿಗಳು ಕೇಳಿದರು. ವಿದ್ಯಾರ್ಥಿವೇತನದ ಬಗ್ಗೆಯೋ ವಕ್ಫ್ ಬಗ್ಗೆಯೋ ಹೇಳುತ್ತೇನೆಂದು ಅವರು ಎಣಿಸಿದ್ದರೇನೋ. ನಾನು ಬೇರೆ ವಿಷಯ ಆರಿಸಿಕೊಂಡಿದ್ದೇನೆ. ಕಿವಿ ಕೇಳದ, ಬಾಯಿಂದ ಮಾತು ಬಾರದ, ಕಣ್ಣು ಕಾಣದ ನಮ್ಮ ಮಕ್ಕಳು, ಅಕ್ಕತಂಗಿಯರು ತಮ್ಮ ಮನಸ್ಸಿನಲ್ಲಿರುವುದನ್ನು ಯಾವ ರೀತಿಯಲ್ಲಿ ಹೇಳಬೇಕು ಎಂದು ತೀರ್ಮಾನಿಸುವವರು ಯಾರು? ಅವರೋ, ನಾವೋ? ಈ ವಿಷಯ ನನಗೆ ಪುಸ್ತಕದಿಂದ ಬಂದದ್ದಲ್ಲ. ನನ್ನದೇ ಒಂದು ತಪ್ಪಿನಿಂದ ಬಂದದ್ದು. ಮೊದಲು ಅದನ್ನು ಹೇಳಿಬಿಡುತ್ತೇನೆ.

ಸುಮಾರು ಹದಿನೆಂಟು ವರ್ಷಗಳ ಹಿಂದಿನ ಮಾತು. ನಾನು ವಕೀಲಿ ಆರಂಭಿಸಿ ಬಹಳ ದಿನವಾಗಿರಲಿಲ್ಲ. ಈ ಭಾಗದ ಒಂದು ಹಳ್ಳಿಯಿಂದ ಇಬ್ಬರು ಅಣ್ಣಂದಿರು ತಮ್ಮ ತಾಯಿಯನ್ನೂ ತಂಗಿಯನ್ನೂ ಕರೆದುಕೊಂಡು ನನ್ನ ಆಫೀಸಿಗೆ ಬಂದರು. ತಂದೆ ತೀರಿಕೊಂಡಿದ್ದರು. ತೊಗರಿ ಬೆಳೆಯುವ 8 ಎಕರೆ ಕರಿಭೂಮಿ ಇತ್ತು. ತಂಗಿ ತನ್ನ ಪಾಲನ್ನು ಅಣ್ಣಂದಿರಿಗೆ ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರ ಬರೆಯಬೇಕಿತ್ತು. ಆ ಹೆಣ್ಣುಮಗಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಬರುವುದಿಲ್ಲ. ನಮ್ಮ ಶರೀಅತ್ತಿನ ಲೆಕ್ಕ ನಿಮಗೆಲ್ಲ ಗೊತ್ತಿದೆ. ತಾಯಿಗೆ ಎಂಟನೇ ಒಂದು ಪಾಲು, ಉಳಿದದ್ದರಲ್ಲಿ ಗಂಡುಮಕ್ಕಳಿಗೆ ಎರಡೆರಡು ಭಾಗ, ಹೆಣ್ಣುಮಗಳಿಗೆ ಒಂದು ಭಾಗ. ಆ ಲೆಕ್ಕದಲ್ಲಿ ಅವಳಿಗೆ ಬರಬೇಕಾದದ್ದು 1 ಎಕರೆ 16 ಗುಂಟೆ.

"ಇವರಿಗೆ ವಿಷಯ ಗೊತ್ತೇನಪ್ಪ?" ಎಂದು ಕೇಳಿದೆ. "ಉಸ್ಕು ಸಬ್ ಮಾಲೂಮ್ ಹೈ ವಕೀಲ್ ಸಾಬ್, ಎಲ್ಲಾ ಗೊತ್ತದ" ಎಂದ ದೊಡ್ಡಣ್ಣ. ಅವಳ ಕಡೆ ತಿರುಗಿ ಕೈಯಲ್ಲಿ ಏನೋ ಸನ್ನೆ ಮಾಡಿದ. ಅವಳು ತಲೆಯಾಡಿಸಿದಳು. ನನಗೆ ಅಷ್ಟು ಸಾಕಾಯಿತು. ಪತ್ರ ಬರೆದೆ, ಓದಿ ಹೇಳಿದೆ. ಯಾರಿಗೆ ಓದಿ ಹೇಳಿದೆ? ಕಿವಿ ಕೇಳುವ ಅಣ್ಣಂದಿರಿಗೆ! ಸಹಿಯ ಜಾಗದಲ್ಲಿ ಅವಳ ಹೆಬ್ಬೆಟ್ಟು ಒತ್ತಿಸಿದೆವು, ನೋಂದಣಿಯೂ ಆಯಿತು.

ಎರಡು ವರ್ಷದ ನಂತರ ಅವಳು ಮತ್ತೆ ನನ್ನ ಆಫೀಸಿಗೆ ಬಂದಳು. ಈ ಸಲ ಜೊತೆಯಲ್ಲಿ ಒಬ್ಬ ಶಿಕ್ಷಕಿ ಇದ್ದರು. ಚಿಕ್ಕವಳಿದ್ದಾಗ ಅವಳು ಕಿವುಡ ಮಕ್ಕಳ ಶಾಲೆಯಲ್ಲಿ ನಾಲ್ಕು ವರ್ಷ ಓದಿದ್ದಳಂತೆ. ಸನ್ನೆ ಭಾಷೆ ಬರುತ್ತಿತ್ತು, ಕನ್ನಡದಲ್ಲಿ ತನ್ನ ಹೆಸರು ಬರೆಯಲೂ ಬರುತ್ತಿತ್ತು. ಹೆಸರು ಬರೆಯಬಲ್ಲವಳಿಂದ ನಾವು ಹೆಬ್ಬೆಟ್ಟು ಒತ್ತಿಸಿದ್ದೆವು. ಆ ದಿನದ ಕಾಗದ ಮಾಸಾಶನದ್ದು ಎಂದು ಅವಳು ತಿಳಿದಿದ್ದಳು. ಶಿಕ್ಷಕಿಯ ಮೂಲಕ ಅವಳು ನನಗೆ ಒಂದೇ ಪ್ರಶ್ನೆ ಕೇಳಿದಳು: "ನೀವು ನನ್ನನ್ನು ಯಾಕೆ ಕೇಳಲಿಲ್ಲ?"

ನನ್ನ ಬಳಿ ಉತ್ತರವಿರಲಿಲ್ಲ. ಅಣ್ಣ ಕೇಳಿದ್ದಾನಲ್ಲ ಎಂದು ನಾನು ಸುಮ್ಮನಿದ್ದೆ. ಯಾರಿಗೆ ಆ ಹೊಲದಿಂದ ಲಾಭವೋ ಅವನೇ ಅವಳ ನಾಲಿಗೆಯಾಗಿದ್ದ. ಪತ್ರ ರದ್ದಾಗಲಿ ಎಂದು ಬೇರೆ ವಕೀಲರ ಮೂಲಕ ಅವಳು ದಾವೆ ಹೂಡಿದಳು. ಅವಳ ಪರವಾಗಿ ನಾನೇ ಸಾಕ್ಷಿ ಹೇಳಲು ಒಪ್ಪಿಕೊಂಡೆ. ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಹೊಲದಲ್ಲಿ 30 ಗುಂಟೆ ಸಿಕ್ಕಿತು, ಪೂರ್ತಿ ಪಾಲು ಬರಲಿಲ್ಲ.

ಇದು 2016ಕ್ಕಿಂತ ಮೊದಲಿನ ಕಥೆ. ಆ ವರ್ಷ ನಮ್ಮ ಸಂಸತ್ತು ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ಅಂಗೀಕರಿಸಿತು. 2017ರ ಏಪ್ರಿಲ್ 19ರಿಂದ ಅದು ಜಾರಿಯಲ್ಲಿದೆ. ಹಿಂದಿನ 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಇದರಲ್ಲಿ 21 ಇವೆ. ಆದರೆ ನನಗೆ ಆ ಸಂಖ್ಯೆಗಿಂತ ದೊಡ್ಡದಾಗಿ ಕಾಣುವುದು 'ಸಂವಹನ' ಎಂಬ ಪದಕ್ಕೆ ಈ ಕಾಯ್ದೆಯ ಎರಡನೇ ಕಲಮು ಕೊಟ್ಟಿರುವ ಅರ್ಥ. ಬಾಯಿಮಾತು, ಬರಹಗಳ ಸಾಲಿನಲ್ಲೇ ಸನ್ನೆ ಭಾಷೆ, ಬ್ರೈಲ್, ಮುಟ್ಟಿ ತಿಳಿಸುವ ಸಂವಹನ, ದೊಡ್ಡ ಅಕ್ಷರದ ಮುದ್ರಣ, ಸರಳ ಭಾಷೆ, ಓದಿ ಹೇಳುವವರ ಸಹಾಯ, ಮಾತಿಗೆ ಬದಲಾಗಿ ಬಳಸುವ ಇತರ ಸಾಧನಗಳು ಎಲ್ಲವೂ ಸೇರಿವೆ. ಒಂದು ಮೇಲು, ಇನ್ನೊಂದು ಕೀಳು ಎಂದು ಅಲ್ಲಿ ಹೇಳಿಲ್ಲ. ನಮ್ಮ ಊರುಗಳಲ್ಲಿ 'ಗೂಂಗಾ', 'ಮೂಕ' ಎಂದು ಕರೆದು ಮುಗಿಸಿಬಿಡುತ್ತೇವೆ. ಕಾನೂನು ಅವರನ್ನು ಬೇರೊಂದು ಭಾಷೆಯ ಜನ ಎಂದು ನೋಡುತ್ತದೆ.

ಇದು ನಮಗೆ ಅರ್ಥವಾಗದ ಮಾತೇನಲ್ಲ. ನಮ್ಮದು ಎಂಥ ಸೀಮೆ ನೋಡಿ. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ಮದರಸಾದಲ್ಲಿ ಅರಬ್ಬಿ, ಆಳಂದ ದಾಟಿ ಸಂತೆಗೆ ಹೋದರೆ ಮರಾಠಿ, ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ಇಂಗ್ಲಿಷ್. ಕಟಕಟೆಯಲ್ಲಿ ನಿಂತ ನಮ್ಮ ಹಳ್ಳಿಯ ಅಜ್ಜನಿಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿ, ಉತ್ತರ ಬರಲಿಲ್ಲವೆಂದು ಅವನಿಗೆ ಬುದ್ಧಿಯಿಲ್ಲ ಎಂದರೆ ನಾವು ಸುಮ್ಮನಿರುತ್ತೇವೆಯೇ? ಕಿವುಡ ಹುಡುಗಿಯ ವಿಷಯದಲ್ಲಿ ಮಾತ್ರ ಅದನ್ನೇ ಮಾಡುತ್ತೇವೆ.

ಈಗ ನನ್ನ ತಪ್ಪಿಗೆ ಬರೋಣ. ಅದೇ ಕಾಯ್ದೆಯ 13ನೇ ಕಲಮಿನ ಪ್ರಕಾರ, ಆಸ್ತಿ ಹೊಂದುವುದಕ್ಕೆ, ವಾರಸಾಗಿ ಪಡೆಯುವುದಕ್ಕೆ, ತನ್ನ ಹಣಕಾಸನ್ನು ತಾನೇ ನೋಡಿಕೊಳ್ಳುವುದಕ್ಕೆ ವಿಕಲಚೇತನರಿಗೆ ಎಲ್ಲರಷ್ಟೇ ಹಕ್ಕಿದೆ. ಇಂಥವರಿಗೆ ನೆರವಾಗುವ ವ್ಯಕ್ತಿಗೂ ಆ ವ್ಯವಹಾರಕ್ಕೂ ಹಿತಾಸಕ್ತಿಯ ಘರ್ಷಣೆ ಬಂದರೆ, ಆ ವ್ಯವಹಾರದ ಮಟ್ಟಿಗೆ ಅವನು ನೆರವು ನೀಡದೆ ದೂರ ನಿಲ್ಲಬೇಕು. ರಕ್ತಸಂಬಂಧಿ ಎಂಬ ಒಂದೇ ಕಾರಣಕ್ಕೆ ಘರ್ಷಣೆ ಇದೆ ಎಂದು ಭಾವಿಸಬಾರದು ಎಂದೂ ಕಾಯ್ದೆ ಹೇಳುತ್ತದೆ. ಅದು ನ್ಯಾಯವೇ, ಎಲ್ಲ ಅಣ್ಣಂದಿರೂ ಕೆಟ್ಟವರಲ್ಲ. ಆದರೆ ಹೊಲ ಯಾರ ಹೆಸರಿಗೆ ಹೋಗುತ್ತದೋ ಅವನೇ ದುಭಾಷಿಯಾಗಿ ನಿಂತರೆ ಘರ್ಷಣೆ ಕಣ್ಣೆದುರೇ ಇದೆಯಲ್ಲ. ಇನ್ನೊಂದು ಮಾತನ್ನು ಹೆಣ್ಣುಮಕ್ಕಳು ಮುಖ್ಯವಾಗಿ ನೆನಪಿಡಬೇಕು: ಈ ನೆರವಿನ ವ್ಯವಸ್ಥೆಯನ್ನು ಬದಲಾಯಿಸುವ, ಬೇಡವೆನ್ನುವ, ಬೇರೆಯವರ ನೆರವು ಪಡೆಯುವ ಅಧಿಕಾರ ಆ ವ್ಯಕ್ತಿಯದೇ. ಮೋಸದಿಂದ ಬರೆಸಿಕೊಂಡ ಪತ್ರವನ್ನು ರದ್ದುಮಾಡಿಸಲು ಮೋಸ ತಿಳಿದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ವಕೀಲರ ಫೀಸಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ವಿಕಲಚೇತನರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರೆ ಸಾಕು.

ಮನೆಯವರೇ ದುಭಾಷಿಯಾದರೆ ಏನಾಗುತ್ತದೆ ಎಂಬುದಕ್ಕೆ ಸುಪ್ರೀಂ ಕೋರ್ಟಿನ ಒಂದು ಪ್ರಕರಣವಿದೆ. ರಾಜಸ್ಥಾನ ಸರ್ಕಾರ ವಿರುದ್ಧ ದರ್ಶನ್ ಸಿಂಗ್, 2012ರ ತೀರ್ಪು. ಗಂಡನ ಕೊಲೆಯನ್ನು ಕಂಡ ಸಾಕ್ಷಿ ಕಿವಿ ಕೇಳದ, ಮಾತು ಬಾರದ ಹೆಂಡತಿ. ಅವಳ ಸನ್ನೆಗಳನ್ನು ನ್ಯಾಯಾಲಯಕ್ಕೆ ತಿಳಿಸಿದವರು ಅವಳ ತಂದೆ. ಈ ದುಭಾಷಿ ತನಿಖೆಯಲ್ಲೂ ಆಸಕ್ತಿ ವಹಿಸಿದ್ದವರು ಎಂಬ ಆಕ್ಷೇಪ ಎದ್ದಿತು. ಅವಳಿಗೆ ಓದುಬರಹ ಬರುತ್ತಿದ್ದರೂ ಅವಳ ಹೇಳಿಕೆಯನ್ನು ಬರಹದಲ್ಲಿ ಪಡೆದಿರಲಿಲ್ಲ. ಆರೋಪಿಯ ಬಿಡುಗಡೆಯನ್ನು ಸುಪ್ರೀಂ ಕೋರ್ಟು ಬದಲಿಸಲಿಲ್ಲ. ಕಣ್ಣಾರೆ ಕಂಡವಳ ಮಾತು, ಅದನ್ನು ದಾಟಿಸಿದ ರೀತಿ ಸರಿಯಿಲ್ಲದ್ದರಿಂದ ನಿಲ್ಲದೆ ಹೋಯಿತು.

ಓದುಬರಹ ಬಲ್ಲ ಸಾಕ್ಷಿಯಾದರೆ ಸನ್ನೆಗಿಂತ ಬರಹವೇ ಮೇಲು ಎಂದು ಆ ತೀರ್ಪಿನಲ್ಲಿ ನ್ಯಾಯಾಲಯ ಅಭಿಪ್ರಾಯಪಟ್ಟಿತ್ತು. ನಾನು ಇದನ್ನು ವಿನಯದಿಂದಲೇ ಒಪ್ಪುವುದಿಲ್ಲ. ನಾಲ್ಕನೇ ತರಗತಿಯ ಕನ್ನಡದಲ್ಲಿ ನಾಲ್ಕು ಸಾಲು ಬರೆಯುವ ಹುಡುಗಿ ಸನ್ನೆಯಲ್ಲಿ ನಾನ್ನೂರು ಸಾಲಿನ ಕಥೆ ಹೇಳಬಲ್ಲಳು. ಅವಳನ್ನು ಬರಹಕ್ಕೆ ಕಟ್ಟಿಹಾಕಿದರೆ ಸತ್ಯದ ಮುಕ್ಕಾಲು ಭಾಗ ಒಳಗೇ ಉಳಿಯುತ್ತದೆ. ಕಾನೂನು ಕೂಡ ಆಮೇಲೆ ಮುಂದೆ ಬಂತು. 1872ರ ಸಾಕ್ಷ್ಯ ಕಾಯ್ದೆಗೆ 2013ರಲ್ಲಿ ತಿದ್ದುಪಡಿಯಾಗಿ, ಬಾಯಿಂದ ಹೇಳಲಾಗದ ಸಾಕ್ಷಿಯ ಹೇಳಿಕೆ ಪಡೆಯುವಾಗ ದುಭಾಷಿ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಲೇಬೇಕು, ಹೇಳಿಕೆಯನ್ನು ವಿಡಿಯೋ ಚಿತ್ರೀಕರಿಸಬೇಕು ಎಂದಾಯಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 125ನೇ ಕಲಮಿನಲ್ಲಿ ಅದೇ ನಿಯಮ ಮುಂದುವರಿದಿದೆ. 2016ರ ಕಾಯ್ದೆಯ 12ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದಿದೆ: ವಿಕಲಚೇತನರ ಸಾಕ್ಷ್ಯವನ್ನು, ವಾದವನ್ನು ಅವರು ಇಚ್ಛಿಸುವ ಭಾಷೆಯಲ್ಲಿ, ಅವರು ಇಚ್ಛಿಸುವ ಸಂವಹನ ವಿಧಾನದಲ್ಲಿ ದಾಖಲಿಸಿಕೊಳ್ಳಲು ಸೌಲಭ್ಯ ಒದಗಿಸುವುದು ಸರ್ಕಾರದ ಹೊಣೆ. 'ಇಚ್ಛಿಸುವ' ಎಂಬ ಪದವನ್ನು ವಿದ್ಯಾರ್ಥಿಗಳು ಗಮನಿಸಬೇಕು. ನ್ಯಾಯಾಧೀಶರಿಗೆ ಅನುಕೂಲವಾದ ವಿಧಾನವಲ್ಲ, ಸಾಕ್ಷಿ ಇಚ್ಛಿಸಿದ್ದು. ಇದರ ಬೇರು ವಿಶ್ವಸಂಸ್ಥೆಯ 2006ರ ಒಡಂಬಡಿಕೆಯಲ್ಲಿದೆ. ತನ್ನ ಆಯ್ಕೆಯ ಸಂವಹನ ವಿಧಾನದಿಂದ ಅಭಿಪ್ರಾಯ ಹೇಳುವ ಸ್ವಾತಂತ್ರ್ಯವನ್ನು ಅದರ 21ನೇ ವಿಧಿ ಕೊಡುತ್ತದೆ. ಭಾರತ ಅದನ್ನು 2007ರಲ್ಲಿ ಅನುಮೋದಿಸಿತು.

ಕಾಗದದ ಮೇಲೆ ಇದ್ದದ್ದು ನಡೆದು ತೋರಿದ್ದು ನಮ್ಮ ರಾಜ್ಯದ ಒಬ್ಬ ವಕೀಲೆಯಿಂದ. ಬೆಂಗಳೂರಿನಲ್ಲಿ ವಕೀಲಿ ಮಾಡುವ ಸಾರಾ ಸನ್ನಿ ಅವರಿಗೆ ಕಿವಿ ಕೇಳುವುದಿಲ್ಲ. ಆರಂಭದಲ್ಲಿ ಅಲ್ಲಿನ ಕೆಳ ನ್ಯಾಯಾಲಯಗಳಲ್ಲಿ ಅವರು ವಾದವನ್ನು ಬರೆದೇ ಕೊಡಬೇಕಾಗಿತ್ತು. 2023ರ ಸೆಪ್ಟೆಂಬರ್ 22ರಂದು ಅವರು ವಿಡಿಯೋ ಮೂಲಕ ಸುಪ್ರೀಂ ಕೋರ್ಟಿನ ಮುಂದೆ ಹಾಜರಾದರು. ಭಾರತೀಯ ಸನ್ನೆ ಭಾಷೆಯ ದುಭಾಷಿ ತೆರೆಯ ಮೇಲೆ ಇರುವುದಕ್ಕೆ ಮೊದಲು ತಾಂತ್ರಿಕ ಸಿಬ್ಬಂದಿಯಿಂದ ಒಪ್ಪಿಗೆ ಸಿಗಲಿಲ್ಲ. ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರು ಅನುಮತಿ ಕೊಟ್ಟರು. ಮರುವರ್ಷ, 2024ರ ಏಪ್ರಿಲ್‌ನಲ್ಲಿ, ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಮುಂದೆ ದುಭಾಷಿಯ ಮೂಲಕ ವಾದ ಮಂಡಿಸಿದರು. ದೇಶದ ಹೈಕೋರ್ಟುಗಳಲ್ಲೇ ಅದು ಮೊದಲನೆಯದು. ಇಲ್ಲೊಂದು ಸೂಕ್ಷ್ಮವಿದೆ. ಅವರಿಗೆ ಬರೆಯಲು ಚೆನ್ನಾಗಿಯೇ ಬರುತ್ತದೆ. ಆದರೂ ಸನ್ನೆ ಭಾಷೆ ಬೇಕೆಂದರು. ಎದುರಿನವರ ವಾದ ನಡೆಯುತ್ತಿರುವಾಗಲೇ ತಿಳಿದುಕೊಂಡು ಆಗಲೇ ಉತ್ತರ ಕೊಡಲು ಬರಹ ಸಾಲದು. ಅದನ್ನು ಅರಿಯಬಲ್ಲವರು ಅವರೇ.

ನಮ್ಮ ಹಿರಿಯರಲ್ಲಿ ಕೆಲವರಿಗೆ ಇದು ಹೊಸ ಕಾಲದ ಹೊಸ ಮಾತು ಎನಿಸಬಹುದು. ಹಾಗಲ್ಲ. ಮಾತು ಬಾರದವನ ಅರ್ಥವಾಗುವ ಸನ್ನೆಗೆ ನಾಲಿಗೆಯ ಮಾತಿನಷ್ಟೇ ಬೆಲೆ ಎಂಬುದು ಹನಫಿ ಫಿಕ್ಹ್‌ನಲ್ಲಿ ಹಳೆಯ ತತ್ವ. ಉಸ್ಮಾನಿ ತುರ್ಕಿಯಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಸಂಹಿತೆಯಾಗಿ ಬಂದ ಮಜಲ್ಲಾದ 70ನೇ ವಿಧಿ ಇದನ್ನೇ ಹೇಳುತ್ತದೆ. ನಿಕಾಹ್‌ನಲ್ಲಿ 'ಕಬೂಲ್' ಎನ್ನಲು ಬಾಯಿಯೇ ಬೇಕೆಂದಿಲ್ಲ, ಸನ್ನೆಯ ಒಪ್ಪಿಗೆ ಒಪ್ಪಿಗೆಯೇ. ಹಾಗಾದರೆ ಸನ್ನೆಯಲ್ಲಿ 'ಬೇಡ' ಎಂದರೆ ಅದೂ ಬೇಡವೇ ಆಗಬೇಕಲ್ಲವೇ? ಖಾಜಿ ಸಾಹೇಬರಲ್ಲಿ ನನ್ನದೊಂದು ವಿನಂತಿ: ಕಿವುಡ ಹುಡುಗಿಯ ಒಪ್ಪಿಗೆ ಪಡೆಯುವಾಗ ಅವಳ ಸನ್ನೆ ಬಲ್ಲ ಹೊರಗಿನ ಒಬ್ಬರನ್ನು ಕೂರಿಸಿಕೊಳ್ಳಿ. ತಲೆಯಾಡಿಸಿದಳು ಎಂಬುದನ್ನು ಸಾಕೆಂದುಕೊಂಡು ಕೆಟ್ಟವನು ನಾನು.

ಈಗ ತಂದೆತಾಯಿಯರಿಗೆ. ಮಗು ಕಿವುಡು ಎಂದು ತಿಳಿದ ಕೂಡಲೇ ಬರುವ ಮೊದಲ ಆಸೆ, ಹೇಗಾದರೂ ಬಾಯಿಂದ ಮಾತನಾಡಲಿ ಎಂಬುದು. ತಪ್ಪೇನಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕೆಲಸ ಮಾಡುತ್ತಿದೆ. ಬೇಗ ತೋರಿಸಿದಷ್ಟೂ ಒಳ್ಳೆಯದು. ಆದರೆ ಬಾಯಿಮಾತು ಕಲಿಯಲಿ ಎಂದು ಸನ್ನೆಯನ್ನು ತಡೆಯಬೇಡಿ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಮಹಾಸಭೆಯೊಂದು ಕಿವುಡರ ಶಿಕ್ಷಣದಲ್ಲಿ ಸನ್ನೆ ಭಾಷೆ ಬೇಡ ಎಂದು ನಿರ್ಣಯಿಸಿತು. ಎಷ್ಟೋ ದೇಶಗಳ ಶಾಲೆಗಳಲ್ಲಿ ಸನ್ನೆ ಮಾಡಿದ ಮಕ್ಕಳಿಗೆ ಶಿಕ್ಷೆಯಾಯಿತು. 130 ವರ್ಷ ಕಳೆದು 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿದ ಅದೇ ಪರಂಪರೆಯ ಸಭೆ ಆ ನಿರ್ಣಯವನ್ನು ತಿರಸ್ಕರಿಸಿ ವಿಷಾದ ಸೂಚಿಸಿತು. ನಮ್ಮ 2016ರ ಕಾಯ್ದೆಯ 16ನೇ ಕಲಮು ಕಿವುಡ ಮತ್ತು ಅಂಧ ಮಕ್ಕಳಿಗೆ ಅತ್ಯಂತ ಸೂಕ್ತವಾದ ಭಾಷೆ, ವಿಧಾನಗಳಲ್ಲೇ ಶಿಕ್ಷಣ ಸಿಗಬೇಕೆನ್ನುತ್ತದೆ. 17ನೇ ಕಲಮು ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿ ಕೊಡುವುದನ್ನೂ ಪಠ್ಯಕ್ರಮ ಮತ್ತು ಪರೀಕ್ಷೆಯ ಮಾರ್ಪಾಡುಗಳಲ್ಲಿ ಸೇರಿಸುತ್ತದೆ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರಲ್ಲಿ 10,000 ಪದಗಳ ಸನ್ನೆ ನಿಘಂಟನ್ನು ಹೊರತಂದಿದೆ. ಮೊಬೈಲಿನಲ್ಲೇ ನೋಡಿ ಕಲಿಯಬಹುದು. ಮಗುವಿನ ಜೊತೆ ತಾಯಿ, ತಂದೆ, ಅಣ್ಣತಮ್ಮಂದಿರೂ ಕಲಿಯಲಿ. ಮನೆಯಲ್ಲಿ ಒಬ್ಬರಿಗೇ ಸನ್ನೆ ಗೊತ್ತಿದ್ದರೆ ಆ ಒಬ್ಬರೇ ಮಗುವಿನ ಬಾಗಿಲೂ ಬೀಗವೂ ಆಗುತ್ತಾರೆ.

ಆಟಿಸಂ ಇರುವ ಮಕ್ಕಳ ಮಾತು ಇನ್ನೂ ನಾಜೂಕಿನದು. ಮೈಸೂರು, ಬೆಂಗಳೂರುಗಳಲ್ಲಿ ಬೆಳೆದ ತೀತೋ ರಾಜರ್ಷಿ ಮುಖೋಪಾಧ್ಯಾಯ ಎಂಬ ಹುಡುಗನಿಗೆ ಮಾತು ಬರುವುದು ಬಹಳ ಕಷ್ಟವಾಗಿತ್ತು. ತಾಯಿ ಸೋಮಾ ಅಕ್ಷರಗಳ ಹಲಗೆ ಮಾಡಿ, ಬೆರಳು ತೋರಿಸಿ ಪದ ಕಟ್ಟಲು ಕಲಿಸಿದರು. ಹುಡುಗ ಪೆನ್ಸಿಲ್ ಹಿಡಿದು ತಾನೇ ಬರೆಯಲೂ ಕಲಿತ. ಅವನ ಪುಸ್ತಕ 2000ದಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ಮಾತಿಲ್ಲದಿದ್ದರೆ ಬುದ್ಧಿಯಿಲ್ಲ ಎಂದುಕೊಂಡವರಿಗೆ ಅದೊಂದು ಉತ್ತರ. ಆದರೆ ಎಚ್ಚರವೂ ಬೇಕು. ಮಗುವಿನ ಕೈಯನ್ನು ದೊಡ್ಡವರು ಹಿಡಿದು ಅಕ್ಷರ ಒತ್ತಿಸುವ ಪದ್ಧತಿಯೊಂದು ಹೊರದೇಶಗಳಲ್ಲಿ ಹಬ್ಬಿತ್ತು. ಪರೀಕ್ಷಿಸಿ ನೋಡಿದಾಗ ಬಂದ ಪದಗಳು ಮಗುವಿನವಲ್ಲ, ಕೈ ಹಿಡಿದವರವು ಎಂದು ಕಂಡಿತು. ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ 2018ರಲ್ಲಿ ಅದನ್ನು ಬಳಸಬಾರದೆಂದಿತು. ಸೋಮಾ ಅವರು ಮುಂದೆ ಬೆಳೆಸಿದ ವಿಧಾನವನ್ನೂ ಶಿಫಾರಸು ಮಾಡುವುದಿಲ್ಲವೆಂದಿತು. ನಾನು ತಜ್ಞನಲ್ಲ. ವಕೀಲನಾಗಿ ಒಂದು ಪ್ರಶ್ನೆ ಮಾತ್ರ ಕೇಳುತ್ತೇನೆ: ಸಹಾಯಕರು ಕೈ ಬಿಟ್ಟು ಕೋಣೆಯಿಂದ ಹೊರಗೆ ಹೋದರೂ ಆ ಮಗು ಅದೇ ಮಾತನ್ನು ಹೇಳಬಲ್ಲದೇ? ಅಣ್ಣ ಮಾಡಿದ ಸನ್ನೆಗೂ ಕೈ ಹಿಡಿದು ಒತ್ತಿಸಿದ ಅಕ್ಷರಕ್ಕೂ ವ್ಯತ್ಯಾಸ ಬಹಳವಿಲ್ಲ.

ವಿದ್ಯಾರ್ಥಿಗಳೇ, ಪರೀಕ್ಷೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಬ್ರೈಲ್, ಕಂಪ್ಯೂಟರ್, ದೊಡ್ಡ ಅಕ್ಷರ ಅಥವಾ ಧ್ವನಿಮುದ್ರಣ, ಇವುಗಳಲ್ಲಿ ಆಯ್ಕೆ ಕೊಡಬೇಕೆಂದಿತು. ಬರಹಗಾರರ ಸಹಾಯವನ್ನೂ ಗಂಟೆಗೆ 20 ನಿಮಿಷ ಹೆಚ್ಚಿನ ಸಮಯವನ್ನೂ ಒದಗಿಸಿತು. 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಯು.ಪಿ.ಎಸ್.ಸಿ. ಅಭ್ಯರ್ಥಿಗೂ ಬರಹಗಾರರ ಹಕ್ಕಿದೆ ಎಂದಿತು. 2025ರಲ್ಲಿ ಮಾರ್ಗಸೂಚಿ ಪರಿಷ್ಕಾರಗೊಂಡಿದೆ, ಮುಖ್ಯವಾಗಿ ಸ್ವಂತ ಬರಹಗಾರರನ್ನು ಕರೆತರುವ ವಿಷಯದಲ್ಲಿ. ಆದ್ದರಿಂದ ಹಳೆಯ ಸೀನಿಯರ್ ಹೇಳಿದ್ದನ್ನು ನಂಬಿಕೊಂಡಿರದೆ ನಿಮ್ಮ ಪರೀಕ್ಷೆಯ ಅಧಿಸೂಚನೆ ಓದಿ, ಅರ್ಜಿ ತುಂಬುವಾಗಲೇ ಕೇಳಿ. ನಮ್ಮ ಕಡಗಂಚಿಯಲ್ಲೇ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಅಲ್ಲಿ, ಹಾಗೆಯೇ ಎಲ್ಲ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ, ಕನಿಷ್ಠ 40 ಶೇಕಡಾ ವೈಕಲ್ಯ ಇರುವವರಿಗೆ ಶೇಕಡಾ 5ಕ್ಕೆ ಕಡಿಮೆಯಿಲ್ಲದಷ್ಟು ಸೀಟು ಮೀಸಲು. ಹಳ್ಳಿಯಿಂದ ಆ ಗೇಟಿನವರೆಗೆ ಬಸ್ಸಿದೆ. ನಮ್ಮ ಎಷ್ಟು ಮಕ್ಕಳು ಆ ಸೀಟಿಗೆ ಅರ್ಜಿ ಹಾಕಿದ್ದೀರಿ?

ಕಾನೂನಿದ್ದರೂ ಜಾರಿ ಕಷ್ಟ ಎಂಬುದನ್ನು ಮುಚ್ಚಿಡುವುದಿಲ್ಲ. ನಮ್ಮ ಕಡೆ ತಾಲ್ಲೂಕು ಕೋರ್ಟಿಗೆ, ಪೊಲೀಸ್ ಠಾಣೆಗೆ ಸನ್ನೆ ದುಭಾಷಿ ಸಿಗುವುದು ಸುಲಭವಲ್ಲ. ಕಾಯ್ದೆ ಉಲ್ಲಂಘಿಸಿದರೆ ಮೊದಲ ಸಲ 10,000 ರೂಪಾಯಿಯವರೆಗೆ ದಂಡ ಅಷ್ಟೆ. ಆದರೂ ದಾರಿಗಳಿವೆ. ಸಾರಾ ಸನ್ನಿ ಅವರ ಪ್ರಕರಣ ತೋರಿಸಿದಂತೆ ವಿಡಿಯೋ ಮೂಲಕ ದುಭಾಷಿಯನ್ನು ಕೇಳಬಹುದು. ಕಿವುಡ ಮಕ್ಕಳ ಶಾಲೆಯ ಶಿಕ್ಷಕರನ್ನು ಕರೆಸಲು ಕೋರಬಹುದು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಂದ ಅರ್ಜಿ ಬರೆಸಬಹುದು, ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು. ಏನೇ ಕೇಳುವುದಿದ್ದರೂ ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಬಾಯಲ್ಲಿ ಕೇಳಿದ್ದಕ್ಕೆ ಕಚೇರಿಗಳಲ್ಲಿ ಕಿವಿ ಇರುವುದಿಲ್ಲ.

ಕೊನೆಯದಾಗಿ ಸಂಘದ ಪದಾಧಿಕಾರಿಗಳಲ್ಲಿ ಎರಡು ಕೋರಿಕೆ. ನಮ್ಮ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಂದೆಯ ಹೆಸರು, ಆದಾಯ, ಅಂಕಗಳ ಕಾಲಂ ಇವೆ. ಅವುಗಳ ಕೆಳಗೆ ಇನ್ನೊಂದು ಕಾಲಂ ಹಾಕಿ: 'ನಿಮ್ಮೊಂದಿಗೆ ಯಾವ ರೀತಿಯಲ್ಲಿ ಮಾತನಾಡಬೇಕು? ಬಾಯಿಮಾತು, ಸನ್ನೆ, ಬರಹ, ಬ್ರೈಲ್, ಬೇರೆ.' ಉತ್ತರವನ್ನು ಅರ್ಜಿದಾರರೇ ತುಂಬಲಿ, ಪೋಷಕರಲ್ಲ. ಇನ್ನು, ಮುಂದಿನ ವರ್ಷದ ಸಮಾರಂಭದಲ್ಲಿ ಈ ವೇದಿಕೆಯ ಬಲಬದಿಗೆ ಒಬ್ಬ ಸನ್ನೆ ದುಭಾಷಿಯನ್ನು ನಿಲ್ಲಿಸಿ. ಖರ್ಚು ನಾನು ಕೊಡುತ್ತೇನೆ. ನಾನು ಹೇಳಿದ ಆ ಹೆಣ್ಣುಮಗಳು ಈಗಲೂ ಇದೇ ತಾಲ್ಲೂಕಿನಲ್ಲಿದ್ದಾಳೆ, ಹೊಲಿಗೆ ಮಾಡುತ್ತಾಳೆ, ಮಗಳನ್ನು ಕಾಲೇಜಿಗೆ ಕಳಿಸುತ್ತಾಳೆ. ಇವತ್ತು ಅವಳನ್ನು ಕರೆದಿದ್ದೆ. ಅಲ್ಲಿ ನನಗೆ ಅರ್ಥವಾಗುವುದೇನಿದೆ ಎಂದು ಮೊಬೈಲಿನಲ್ಲಿ ಬರೆದು ಕಳಿಸಿದಳು.